ಹದಿನೆಂಟನೆಯ ಓವರಿಗೆ ಎದ್ದು ಹೊರಡುವವರು

ಪಂದ್ಯದ ಕೊನೆಯ ಎರಡು ಓವರುಗಳನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾತ್ರಿಯ ಟಿ-20 ಪಂದ್ಯಕ್ಕೆ ಹೋದಾಗಲೆಲ್ಲ ಹದಿನೆಂಟನೆಯ ಓವರು ಮುಗಿಯುತ್ತಿದ್ದಂತೆ ಚೀಲವನ್ನು ಹೆಗಲಿಗೇರಿಸಿ, ಸಾಲಿನಲ್ಲಿ ಕುಳಿತವರ ಮೊಣಕಾಲುಗಳನ್ನು ದಾಟುತ್ತ, “ಸ್ವಲ್ಪ ದಾರಿ ಬಿಡಿ” ಎನ್ನುತ್ತ ಮೆಟ್ಟಿಲಿಳಿಯುತ್ತೇವೆ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದತ್ತ ಅರ್ಧ ದಾರಿ ನಡೆದಿರುತ್ತೇವೆ, ಬೆನ್ನ ಹಿಂದೆ ಒಂದು ಗರ್ಜನೆ ಏಳುತ್ತದೆ. ಸಿಕ್ಸರೋ ವಿಕೆಟ್ಟೋ ತಿಳಿಯದು. ಅಕ್ಕಪಕ್ಕ ನಡೆಯುತ್ತಿದ್ದ ಅಪರಿಚಿತರೆಲ್ಲ ಒಮ್ಮೆಗೇ ಮೊಬೈಲ್ ತೆಗೆದು ನೋಡುತ್ತಾರೆ. ಅವರೂ ನಮ್ಮಂತೆಯೇ ಕೋಲಾರಕ್ಕೋ ರಾಮನಗರಕ್ಕೋ ದೊಡ್ಡಬಳ್ಳಾಪುರಕ್ಕೋ ರಾತ್ರಿಯೇ ತಲುಪಬೇಕಾದವರು.

ನಮ್ಮದು ತುಮಕೂರು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಬೆಳಗಿನ ರೈಲು ಹಿಡಿದು ಅಲ್ಲಿಗೆ ಹೋಗಿ ದುಡಿದು ಸಂಜೆಗೆ ಮರಳುವವರು ನಮ್ಮ ಬೀದಿಯಲ್ಲೇ ಹತ್ತಾರು ಮಂದಿ ಇದ್ದಾರೆ. ಹಗಲಿನಲ್ಲಿ ಅದು ದೂರವೇ ಅಲ್ಲ. ರಾತ್ರಿ ಹತ್ತು ದಾಟಿತೆಂದರೆ ಮಾತ್ರ ದಾರಿ ಹಿಗ್ಗುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ಸುಗಳಿಗೆ ಕೊರತೆಯಿಲ್ಲ. ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿಯ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಆದರೆ ದೂರದ ಪ್ರಯಾಣಿಕರೆಲ್ಲ ಹತ್ತಿದ ಮೇಲೆ ತುಮಕೂರಿನವರಿಗೆ ಜಾಗ. ಅವುಗಳಲ್ಲಿ ಕೆಲವು ಊರೊಳಗೆ ಬಾರದೆ ಬೈಪಾಸಿನಲ್ಲೇ ಇಳಿಸಿ ಮುಂದೆ ಹೋಗುತ್ತವೆ. ಮಧ್ಯರಾತ್ರಿ ಹೆದ್ದಾರಿಯ ಬದಿಯಲ್ಲಿ, ನಿದ್ದೆಗಣ್ಣಿನ ಮಗುವಿನ ಕೈ ಹಿಡಿದುಕೊಂಡು, ಬರುವುದೋ ಇಲ್ಲವೋ ಗೊತ್ತಿಲ್ಲದ ಆಟೊಗೆ ಕಾದ ಒಂದು ರಾತ್ರಿಯ ನಂತರ ಹದಿನೆಂಟನೆಯ ಓವರು ನಮ್ಮ ಮನೆಯ ನಿಯಮವಾಯಿತು.

ನಾನು ಅಂಕಿಅಂಶಗಳನ್ನು ಬಾಯಿಪಾಠ ಮಾಡಿದ ಅಭಿಮಾನಿಯಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವರ್ಷಕ್ಕೆ ಒಂದೋ ಎರಡೋ ಪಂದ್ಯ, ಯಾರು ಯಾರ ಮೇಲೆ ಆಡುತ್ತಿದ್ದರೂ ಸರಿ. ನನ್ನನ್ನು ಎಳೆಯುವುದು ಆ ಜಾಗ. ಕತ್ತಲ ಮೆಟ್ಟಿಲುಗಳನ್ನು ಹತ್ತಿ, ಗ್ಯಾಲರಿಯ ಬಾಯಿಗೆ ಬಂದು ನಿಂತಾಗ ಎದುರಿಗೆ ಹಸಿರು ಏಕಾಏಕಿ ಹರಡಿಕೊಳ್ಳುವ ಆ ಒಂದು ಗಳಿಗೆ. ಎಷ್ಟು ಸಲ ಹೋದರೂ ಅಲ್ಲಿ ನನ್ನ ಕಾಲು ಅರೆಕ್ಷಣ ನಿಲ್ಲುತ್ತದೆ. ಹಿಂದೆ ಬರುವವರಿಗೆ ಅಡ್ಡಿಯಾಗುತ್ತದೆಂದು ಗೊತ್ತು. ಆದರೂ ನಿಲ್ಲುತ್ತದೆ.

ಮೊದಲ ಸಲ ಹಾಗೆ ನಿಂತಾಗ ನನಗೆ ಹದಿಮೂರು ವರ್ಷ. 1999ರ ಏಪ್ರಿಲ್. ಕರ್ನಾಟಕ ಮತ್ತು ಮಧ್ಯಪ್ರದೇಶದ ನಡುವೆ ರಣಜಿ ಫೈನಲ್. ಅಪ್ಪ ಆಗ ತುಮಕೂರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ರಜೆ ಹಾಕುವುದೆಂದರೆ ಮನೆಯಲ್ಲಿ ಮದುವೆಯಿರಬೇಕು, ಇಲ್ಲವೇ ಸಾವಿರಬೇಕು. ಅಂಥವರು ಪಂದ್ಯದ ಕೊನೆಯ ದಿನ ರಜೆ ಹಾಕಿ, “ಹೊರಡು, ಒಂದು ಆಟ ತೋರಿಸುತ್ತೇನೆ” ಎಂದರು. ಅಮ್ಮ ಸ್ಟೀಲ್ ಡಬ್ಬಿಗೆ ಚಿತ್ರಾನ್ನ ತುಂಬಿಕೊಟ್ಟರು. ಬೆಳಗಿನ ಪ್ಯಾಸೆಂಜರ್ ರೈಲು ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ಎಂದು ಒಂದೊಂದೂರಲ್ಲೂ ನಿಂತು ಉಸಿರಾಡಿಕೊಂಡು ಬೆಂಗಳೂರು ತಲುಪಿತು.

ಸಿಮೆಂಟಿನ ಮೆಟ್ಟಿಲಿನ ಮೇಲೆ ಪತ್ರಿಕೆ ಹಾಸಿ ಕುಳಿತೆವು. ಮುಂದಿನ ಸಾಲಿನಲ್ಲೊಬ್ಬರು ಟ್ರಾನ್ಸಿಸ್ಟರನ್ನು ಕಿವಿಗೊತ್ತಿಕೊಂಡಿದ್ದರು. ಕಣ್ಣೆದುರಿಗೇ ಆಟ ನಡೆಯುತ್ತಿರುವಾಗ ರೇಡಿಯೊ ಏಕೆ ಎಂದು ನನಗೆ ಅರ್ಥವಾಗಲಿಲ್ಲ. ಈಗ ಅರ್ಥವಾಗುತ್ತದೆ. ಕ್ರೀಡಾಂಗಣದಲ್ಲಿ ಯಾರೂ ನಮಗೆ ಏನನ್ನೂ ವಿವರಿಸುವುದಿಲ್ಲ. ಚೆಂಡು ಬ್ಯಾಟಿಗೆ ತಾಗಿತೋ ಪ್ಯಾಡಿಗೆ ತಾಗಿತೋ ನಾವೇ ಊಹಿಸಿಕೊಳ್ಳಬೇಕು.

ಲೆಕ್ಕ ಹೀಗಿತ್ತು. ಮೊದಲ ಇನಿಂಗ್ಸ್‌ನಲ್ಲಿ ಕರ್ನಾಟಕ 304, ಮಧ್ಯಪ್ರದೇಶ 379. ಅಂದರೆ 75 ರನ್ನುಗಳ ಮುನ್ನಡೆ ಅವರಿಗೆ. ಪಂದ್ಯ ಡ್ರಾ ಆದರೆ ಮುನ್ನಡೆ ಪಡೆದವರಿಗೇ ಕಪ್. ಎರಡನೆಯ ಇನಿಂಗ್ಸ್‌ನಲ್ಲಿ ಕರ್ನಾಟಕ 321 ಮಾಡಿತು. ಮಧ್ಯಪ್ರದೇಶದ ಮುಂದಿದ್ದ ಗುರಿ 247. ಅದನ್ನು ಬೆನ್ನಟ್ಟುವ ಅಗತ್ಯವೂ ಅವರಿಗಿರಲಿಲ್ಲ, ಸಂಜೆಯವರೆಗೆ ನಿಂತರೆ ಸಾಕಿತ್ತು. ಚಹಾ ವಿರಾಮಕ್ಕೆ ಅಪ್ಪ ಪತ್ರಿಕೆಯನ್ನು ಮಡಚಿ ಕಂಕುಳಿಗೆ ಸೇರಿಸಿದರು. “ಇನ್ನು ಇದು ಡ್ರಾ, ಮಗು. ರೈಲಿಗೆ ಹೊತ್ತಾಯಿತು.” ನಾವು ಎದ್ದೆವು.

ರಾತ್ರಿ ಮನೆಗೆ ಬಂದಾಗ ಪಕ್ಕದ ಮನೆಯವರು ಬಾಗಿಲಲ್ಲೇ ಕಾದಿದ್ದರು. “ನೋಡಿದಿರಾ? ಹೇಗಿತ್ತು?” ಎಂದು ಕೇಳಿದರು. ವಿಜಯ್ ಭಾರದ್ವಾಜ್ ಆರು ವಿಕೆಟ್ ಕಿತ್ತಿದ್ದರು. ಮಧ್ಯಪ್ರದೇಶ 150ಕ್ಕೆ ಮುಗಿದಿತ್ತು. ಕರ್ನಾಟಕ 96 ರನ್ನುಗಳಿಂದ ಗೆದ್ದು ಚಾಂಪಿಯನ್ ಆಗಿತ್ತು. ಅಪ್ಪ ಒಂದು ಮಾತನ್ನೂ ಆಡದೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಮರುದಿನ ಪತ್ರಿಕೆಯ ಆ ಪುಟವನ್ನು ಮೂರು ಸಲ ಓದಿದರು, ಆಮೇಲೆ ಕತ್ತರಿಸಿ ಲೆಕ್ಕದ ಪುಸ್ತಕದಲ್ಲಿಟ್ಟರು.

ಆ ಪಂದ್ಯದಲ್ಲಿ ಸೋತ ತಂಡದ ನಾಯಕ ಚಂದ್ರಕಾಂತ್ ಪಂಡಿತ್. ಇಪ್ಪತ್ತಮೂರು ವರ್ಷಗಳ ನಂತರ, 2022ರ ಜೂನ್ 26ರಂದು, ಅದೇ ಮೈದಾನದಲ್ಲಿ ಮಧ್ಯಪ್ರದೇಶ ಮುಂಬಯಿಯನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಗೆದ್ದಾಗ ತಂಡದ ತರಬೇತುದಾರ ಅವರೇ ಆಗಿದ್ದರು. ಅಪ್ಪ ನನ್ನ ಮೊಬೈಲಿನಲ್ಲಿ ಆ ದೃಶ್ಯವನ್ನು ನೋಡುತ್ತ, ಪಂಡಿತ್ ಕಣ್ಣೊರೆಸಿಕೊಂಡಾಗ ತಾವೂ ಕನ್ನಡಕ ತೆಗೆದರು. “ಆ ದಿನ ನಾವು ಇನ್ನೊಂದು ಗಂಟೆ ಕುಳಿತಿರಬೇಕಾಗಿತ್ತು” ಎಂದರು. ಅಷ್ಟು ವರ್ಷ ಅವರು ಅದನ್ನು ಹೊತ್ತುಕೊಂಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಅಣ್ಣನ ಮಗಳಿಗೆ ಆಟದ ಹುಚ್ಚು ಹತ್ತಿದ ಮೇಲೆ ನಮ್ಮ ಓಡಾಟ ಹೆಚ್ಚಾಯಿತು. ಟಿವಿಯಲ್ಲಿ ಇಷ್ಟು ಚೆನ್ನಾಗಿ ಕಾಣುವಾಗ ಅಲ್ಲಿಗೆ ಹೋಗುವುದೇಕೆ ಎಂದು ಕೇಳುವವರಿಗೆ ನಾನು ಅವಳು ನೋಡುವ ಬಗೆಯನ್ನೇ ಉತ್ತರವಾಗಿ ಹೇಳುತ್ತೇನೆ. ಅವಳು ಒಬ್ಬ ಫೀಲ್ಡರನ್ನು ಆರಿಸಿಕೊಂಡು ಹತ್ತು ಓವರುಗಳ ಕಾಲ ಅವರನ್ನೇ ನೋಡುತ್ತಾಳೆ. ಬೌಂಡರಿ ಹಗ್ಗದ ಬಳಿ ನಿಂತ ಆ ಫೀಲ್ಡರ್ ಎರಡು ಚೆಂಡುಗಳ ನಡುವೆ ಏನು ಮಾಡುತ್ತಾರೆ, ನಾಯಕನ ಕೈಸನ್ನೆಗೆ ಹೇಗೆ ಎರಡು ಹೆಜ್ಜೆ ಎಡಕ್ಕೆ ಸರಿಯುತ್ತಾರೆ, ಗ್ಯಾಲರಿಯಿಂದ ಹೆಸರು ಹಿಡಿದು ಕೂಗಿದರೆ ಕತ್ತು ತಿರುಗಿಸುತ್ತಾರೋ ಇಲ್ಲವೋ. ಕ್ಯಾಮೆರಾ ತೋರಿಸಿದ್ದನ್ನೇ ನೋಡುವುದು ಟಿವಿಯ ಕಟ್ಟುಪಾಡು. ಇಲ್ಲಿ ಕಣ್ಣು ನಮ್ಮದು.

ಅವಳೇ ಒಂದು ದಿನ ನನಗೆ ತೋರಿಸಿದ್ದು: ಬೌಲರ್ ಓಡಲು ಶುರು ಮಾಡಿದ ಕೂಡಲೇ ಮೈದಾನದಲ್ಲಿರುವ ಬಹುತೇಕ ಎಲ್ಲ ಫೀಲ್ಡರುಗಳೂ ಒಳಮುಖವಾಗಿ ಹೆಜ್ಜೆಯಿಡುತ್ತಾರೆ. ಚೆಂಡು ಸತ್ತ ಮೇಲೆ ಮತ್ತೆ ಹಿಂದಕ್ಕೆ ಸರಿಯುತ್ತಾರೆ. ಮೇಲಿನ ಸಾಲಿನಿಂದ ನೋಡಿದರೆ ದೊಡ್ಡದೊಂದು ಹೂವು ಪ್ರತಿ ಚೆಂಡಿಗೂ ಮುಚ್ಚಿ ಅರಳಿದಂತೆ ಕಾಣುತ್ತದೆ. ಐವತ್ತು ಓವರುಗಳ ಪಂದ್ಯದಲ್ಲಿ ಒಂದು ಇನಿಂಗ್ಸ್‌ಗೆ ಮುನ್ನೂರು ಸಲ. ನಾನು ಇಪ್ಪತ್ತು ವರ್ಷ ಟಿವಿ ನೋಡಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಅವಳಿಗೆ ತೋರಿಸಿದ್ದು ಇನ್ನೊಂದು. ಎದುರು ಬದಿಯ ಕ್ರೀಸಿನಲ್ಲಿ ಬ್ಯಾಟು ಬೀಸಿದ್ದು ಮೊದಲು ಕಾಣುತ್ತದೆ, ಠಕ್ ಎನ್ನುವ ಸದ್ದು ತುಸು ತಡವಾಗಿ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೂರು ಮೀಟರ್ ದೂರ ಕುಳಿತರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ವಿಳಂಬ. ಮರುವಾರ ತರಗತಿಯಲ್ಲಿ ಅದನ್ನೇ ಲೆಕ್ಕವಾಗಿ ಕೊಟ್ಟೆ. ಯಾವತ್ತೂ ಕೈಯೆತ್ತದ ಹಿಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತಿದ.

ಕ್ರಿಕೆಟ್ ಒಂದೇ ಅಲ್ಲ. ಶ್ರೀ ಕಂಠೀರವ ಕ್ರೀಡಾಂಗಣಕ್ಕೂ ಹೋಗಿದ್ದೇವೆ. ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು ಹೊತ್ತ ಅದು ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ನಾವು ಬಸ್ಸಿಳಿಯುವ ಮೆಜೆಸ್ಟಿಕ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕೆರೆಯಲ್ಲಿ ಇಳಿದು ಇನ್ನೊಂದು ಕೆರೆಯಲ್ಲಿ ಕುಳಿತು ಫುಟ್‌ಬಾಲ್ ನೋಡಿ ಬರುತ್ತೇವೆ ಎಂದು ಅಪ್ಪ ಹೇಳುವುದುಂಟು. ಹಾಗೆ ಹೇಳುವಾಗ ಅವರ ದನಿಯಲ್ಲಿ ನೋವಿರುತ್ತದೆ. ನಮ್ಮ ಅಮಾನಿಕೆರೆ ಇನ್ನೂ ಕೆರೆಯಾಗಿಯೇ ಉಳಿದಿದೆ ಎನ್ನುವುದು ಅವರಿಗೆ ದೊಡ್ಡ ಸಮಾಧಾನ.

ಕಂಠೀರವದಲ್ಲಿ ಗ್ಯಾಲರಿಗೂ ಅಂಕಣಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಹಾಗಾಗಿ ಆಟಗಾರರು ದೂರವೆನಿಸುತ್ತಾರೆ, ಆದರೆ ಸದ್ದು ಎಲ್ಲವನ್ನೂ ಹತ್ತಿರ ತರುತ್ತದೆ. 2014ರಿಂದ ಬೆಂಗಳೂರು ಎಫ್‌ಸಿ ಇಲ್ಲಿ ಆಡುತ್ತಿದೆ. ಪಶ್ಚಿಮದ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷವೂ ಕುಳಿತುಕೊಳ್ಳದೆ ಹಾಡುವವರನ್ನು ನೋಡಿದಾಗ ನನಗೆ ನಮ್ಮೂರ ಜಾತ್ರೆಯ ತೇರೆಳೆಯುವವರು ನೆನಪಾದರು. ಅದೇ ಒಗ್ಗಟ್ಟಿನ ಉಸಿರು, ಅದೇ ಬೆವರು.

2023ರ ಜುಲೈ 4ರಂದು ದಕ್ಷಿಣ ಏಷ್ಯಾದ ಫುಟ್‌ಬಾಲ್ ಪಂದ್ಯಾವಳಿಯಾದ ಸ್ಯಾಫ್‌ನ ಫೈನಲ್‌ಗೆ ಹೋಗಿದ್ದೆವು. ಅಣ್ಣ, ಅವನ ಮಗಳು, ನಾನು. ಭಾರತಕ್ಕೆ ಎದುರಾಳಿ ಕುವೈತ್. ಮೊದಲು ಕುವೈತ್ ಗೋಲು ಹೊಡೆಯಿತು, ವಿರಾಮಕ್ಕೆ ಮುನ್ನ ಛಾಂಗ್ಟೆ ಸಮ ಮಾಡಿದರು. ತೊಂಬತ್ತು ನಿಮಿಷ ಮುಗಿದರೂ 1-1. ಹೆಚ್ಚುವರಿ ಸಮಯ ಶುರುವಾಯಿತು, ಗಡಿಯಾರ ಹತ್ತರ ಹತ್ತಿರ ಬಂತು. ಅಣ್ಣ ನನ್ನ ಮುಖ ನೋಡಿದ. ನಾವು ಎದ್ದೆವು. ಹುಡುಗಿ ಹಿಂದೆ ತಿರುಗಿ ನೋಡುತ್ತಲೇ ಮೆಟ್ಟಿಲಿಳಿದಳು.

ಕಸ್ತೂರ್ಬಾ ರಸ್ತೆಯ ಪಾದಚಾರಿ ಮಾರ್ಗದಲ್ಲಿ, ಪಾರ್ಕಿನ ಬೇಲಿಯ ಪಕ್ಕ ನಡೆಯುತ್ತಿದ್ದಾಗ ಪೆನಾಲ್ಟಿ ಶುರುವಾಗಿದೆಯೆಂದು ಯಾರೋ ಹೇಳಿದರು. ಒಮ್ಮೆ ಹೊರಬಂದವರಿಗೆ ಮತ್ತೆ ಒಳಗೆ ಪ್ರವೇಶವಿಲ್ಲ. ನಾವು ಅಲ್ಲೇ ನಿಂತೆವು. ಹುಡುಗಿ ಬೇಲಿಯ ಕಂಬಿಯನ್ನು ಹಿಡಿದು ಕಣ್ಣು ಮುಚ್ಚಿಕೊಂಡಳು. ಗರ್ಜನೆ ಎದ್ದರೆ ನಮ್ಮ ಗೋಲು. ಏನೂ ಕೇಳದಿದ್ದರೆ ಅವರದು. ಅವಳು ಬೆರಳು ಮಡಚಿ ಎಣಿಸತೊಡಗಿದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಸಾವಿರಾರು ಗಂಟಲುಗಳಿಂದ ಒಟ್ಟಿಗೆ ಹೊರಟ ನಿಟ್ಟುಸಿರೊಂದು ಮರಗಳ ಮೇಲಿಂದ ಹಾದು ಬಂತು. ಉದಾಂತ ಸಿಂಗ್ ಗುರಿ ತಪ್ಪಿದ್ದರೆಂದು ಆಮೇಲೆ ತಿಳಿಯಿತು. ಮತ್ತೆ ಗರ್ಜನೆ. ಮತ್ತೆ ಮೌನ. ಇನ್ನೊಂದು ಗರ್ಜನೆ. ಆಮೇಲೆ ಬಂದದ್ದು ಗರ್ಜನೆಯಾಗಿರಲಿಲ್ಲ, ಅದಕ್ಕೆ ನನ್ನಲ್ಲಿ ಪದವಿಲ್ಲ. ನಮ್ಮ ಗೋಲ್‌ಕೀಪರ್ ಗುರ್ಪ್ರೀತ್ ಕೊನೆಯ ಒದೆತವನ್ನು ತಡೆದಿದ್ದರು. ಭಾರತ 5-4ರಿಂದ ಗೆದ್ದಿತ್ತು. ರಸ್ತೆಯಲ್ಲಿದ್ದ ಆಟೊ ಚಾಲಕರು ಹಾರ್ನ್ ಒತ್ತಿದರು. ಒಬ್ಬರು ಇಳಿದು ಬಂದು ಅಣ್ಣನ ಕೈ ಕುಲುಕಿದರು. ಹುಡುಗಿ ಕಣ್ಣು ತೆರೆದು, “ನಾನು ನೋಡಿದೆ ಅತ್ತೆ, ಎಲ್ಲವನ್ನೂ ನೋಡಿದೆ” ಎಂದಳು. ಅವಳ ಮಾತನ್ನು ನಾನು ನಂಬುತ್ತೇನೆ.

ಬೇರೆ ಊರುಗಳಲ್ಲಿ ನೋಡಿದ್ದು ಕಡಿಮೆ. ಮುಂಬಯಿಯ ವಾಂಖೆಡೆಯನ್ನು ಚರ್ಚ್‌ಗೇಟಿನತ್ತ ಹೋಗುವ ಲೋಕಲ್ ರೈಲಿನ ಬಾಗಿಲಿನಿಂದಷ್ಟೇ ನೋಡಿದ್ದೇನೆ. ಬ್ರೆಬೋರ್ನ್ ಮೈದಾನದಲ್ಲಿ ಸೀಟುಗಳ ಹಂಚಿಕೆಯ ಬಗ್ಗೆ ಎರಡು ಸಂಸ್ಥೆಗಳ ನಡುವೆ ಹುಟ್ಟಿದ ವ್ಯಾಜ್ಯದಿಂದಾಗಿ, ನಡೆದೇ ಹೋಗುವಷ್ಟು ಹತ್ತಿರದಲ್ಲಿ ಎದ್ದ ಮೈದಾನ ಅದು. ಮೊದಲ ಟೆಸ್ಟ್ 1975ರಲ್ಲಿ. ಯಾರು ಎಲ್ಲಿ ಕುಳಿತುಕೊಳ್ಳಬೇಕು ಎನ್ನುವ ಪ್ರಶ್ನೆ ಎಷ್ಟು ದೊಡ್ಡದು ಎಂದು ಆ ಕಟ್ಟಡ ನೋಡಿದಾಗ ಅನ್ನಿಸಿತು.

ಚೆನ್ನೈಯ ಚೆಪಾಕ್‌ಗೆ ಮಾತ್ರ ಒಳಗೆ ಹೋಗಿದ್ದೇನೆ. ಬಂಧುಗಳ ಮದುವೆಗೆಂದು ಹೋಗಿದ್ದಾಗ ಅಪ್ಪನೂ ನಾನೂ ಒಂದು ಮಧ್ಯಾಹ್ನ ಕದ್ದುಕೊಂಡು ದೇಶೀಯ ಪಂದ್ಯವೊಂದನ್ನು ನೋಡಿದೆವು. ನಗರ ರೈಲಿನಿಂದ ಚೆಪಾಕ್ ನಿಲ್ದಾಣದಲ್ಲಿ ಇಳಿದರೆ ಕ್ರೀಡಾಂಗಣ ಪಕ್ಕದಲ್ಲೇ. ಮಧ್ಯಾಹ್ನದ ನಂತರ ಮರೀನಾ ಕಡೆಯಿಂದ ಗಾಳಿ ಎದ್ದಾಗ ಬಿಸಿಲಲ್ಲಿ ಬಾಡಿದ್ದ ಜನರೆಲ್ಲ ಒಮ್ಮೆಗೇ ಬೆನ್ನು ನೇರ ಮಾಡಿ ಕುಳಿತರು. 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಇಲ್ಲಿ, ಮದ್ರಾಸ್ ಮತ್ತು ನಮ್ಮ ಮೈಸೂರಿನ ನಡುವೆ. ಮೈಸೂರು 48 ಮತ್ತು 59, ಮದ್ರಾಸ್ 130. ಒಂದೇ ದಿನದಲ್ಲಿ ಮುಗಿದುಹೋಯಿತು. “ಅಂದು ಮೈಸೂರಿನಿಂದ ಬಂದ ಪ್ರೇಕ್ಷಕ ಯಾರಾದರೂ ಇದ್ದಿದ್ದರೆ ಪೂರ್ತಿ ಪಂದ್ಯ ನೋಡಿಯೇ ರಾತ್ರಿಯ ರೈಲು ಹಿಡಿದಿರಬಹುದು” ಎಂದರು ಅಪ್ಪ, ಬಹಳ ಗಂಭೀರವಾಗಿ. ನಮ್ಮ ರಣಜಿ ಫೈನಲ್‌ಗೆ ಮೂರು ತಿಂಗಳು ಮೊದಲು, 1999ರ ಜನವರಿ ಕೊನೆಯಲ್ಲಿ, ಇದೇ ಗ್ಯಾಲರಿಗಳ ಜನ ಭಾರತ 12 ರನ್ನುಗಳಿಂದ ಸೋತಾಗ ಎದ್ದು ನಿಂತು ಗೆದ್ದ ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದ್ದರು. ಅದನ್ನು ನೆನೆದು ನಾನು ಖಾಲಿ ಸಾಲುಗಳನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಅಂದು ಚಪ್ಪಾಳೆ ತಟ್ಟಿದ ಕೈಗಳು ಯಾರವೋ.

ಹೀಗೆ ಓಡಾಡಿದ ಮೇಲೆ ಒಂದು ವಿಷಯ ನನ್ನಲ್ಲಿ ಗಟ್ಟಿಯಾಗಿದೆ, ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಕ್ರೀಡಾಂಗಣವೊಂದನ್ನು ನಾನು ಅಳೆಯುವುದು ಅದರ ಗೇಟಿನಲ್ಲಿ. ಪಾಸ್ ಇಲ್ಲದ, ಪರಿಚಯವಿಲ್ಲದ, ನಗರದ ದಾರಿ ಗೊತ್ತಿಲ್ಲದ ಒಬ್ಬ ಮನುಷ್ಯ ಒಳಗೆ ಹೇಗೆ ಹೋಗುತ್ತಾನೆ, ಹೊರಗೆ ಹೇಗೆ ಬರುತ್ತಾನೆ ಎನ್ನುವುದರಲ್ಲಿ.

ದೊಡ್ಡ ನಗರದ ಕ್ರೀಡಾಂಗಣವೊಂದರಲ್ಲಿ ನಮ್ಮ ಗ್ಯಾಲರಿಯ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತು. ಕೀಲಿ ಯಾರ ಬಳಿಯಿದೆಯೆಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸಿದರು. ಎರಡು ಗ್ಯಾಲರಿ ದಾಟಿ, ನೂರಾರು ಗಂಡಸರ ನಡುವೆ ನುಸುಳಿ, ಹುಡುಗಿಯನ್ನು ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಆರು ಓವರುಗಳು ಮುಗಿದಿದ್ದವು. ಇನ್ನೊಂದು ಕಡೆ ಗೇಟಿನಲ್ಲಿ ನೀರಿನ ಬಾಟಲಿ ಕಸಿದುಕೊಂಡು ಬುಟ್ಟಿಗೆ ಎಸೆದರು. ಒಳಗೆ ಕುಡಿಯುವ ನೀರಿನ ನಲ್ಲಿಯ ಮುಂದೆ ಸಾಲು ಎಷ್ಟು ಉದ್ದವಿತ್ತೆಂದರೆ ಅಪ್ಪ ಬಾಯಾರಿಕೊಂಡೇ ಕುಳಿತಿದ್ದರು. ಸುರಕ್ಷತೆಗಾಗಿ ನಿಯಮ ಬೇಕು, ನಾನು ಅದನ್ನು ವಿರೋಧಿಸುವುದಿಲ್ಲ. ಕಸಿದುಕೊಂಡವರೇ ನೀರು ಕೊಡಬೇಕು, ನನ್ನ ಬೇಡಿಕೆ ಅಷ್ಟೇ. ಇನ್ನೊಂದು ಸಲ, ಮಳೆಯಲ್ಲಿ ಗೇಟು ಹುಡುಕುತ್ತಿದ್ದ ನಮ್ಮನ್ನು ಒಬ್ಬ ಮಹಿಳಾ ಪೇದೆ ತಮ್ಮ ಕೊಡೆಯಡಿಯಲ್ಲಿ ಸರಿಯಾದ ಗೇಟಿನವರೆಗೆ ನಡೆಸಿಕೊಂಡು ಹೋದರು. ಆ ಪಂದ್ಯದಲ್ಲಿ ಗೆದ್ದವರು ಯಾರೆಂದು ಮರೆತಿದ್ದೇನೆ, ಆ ಕೊಡೆಯನ್ನು ಮರೆತಿಲ್ಲ.

2017ರಲ್ಲಿ ಚಿನ್ನಸ್ವಾಮಿ ಮೈದಾನದ ಹುಲ್ಲಿನ ಅಡಿಯಲ್ಲಿ ಸಬ್‌ಏರ್ ಎಂಬ ವ್ಯವಸ್ಥೆಯನ್ನು ಅಳವಡಿಸಿದರು. ಕ್ರಿಕೆಟ್ ಮೈದಾನವೊಂದರಲ್ಲಿ ಅದು ಜಗತ್ತಿನಲ್ಲೇ ಮೊದಲು. ಕೊಳವೆಗಳ ಜಾಲ ಮತ್ತು ಯಂತ್ರಗಳು ಮಳೆಯ ನೀರನ್ನು ನೆಲದೊಳಕ್ಕೆ ಎಳೆದುಕೊಳ್ಳುತ್ತವೆ. ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗುತ್ತದೆ. ನಾನು ಅದನ್ನು ಕಣ್ಣಾರೆ ಕಂಡು ಬೆರಗಾಗಿದ್ದೇನೆ. ಅದೇ ಬೆರಗಿನಲ್ಲಿ ಒಂದು ಆಸೆಯೂ ಹುಟ್ಟಿತು: ನೀರಿಗಾಗಿ ಇಷ್ಟು ಯೋಚಿಸಿ ದಾರಿ ಮಾಡಬಲ್ಲವರು ನಾವು, ಜನರಿಗಾಗಿಯೂ ಹೀಗೆಯೇ ದಾರಿ ಮಾಡಿದರೆ ಹೇಗಿರುತ್ತದೆ?

ನಿಯಮ ಮುರಿದು ಕೊನೆಯವರೆಗೆ ಕುಳಿತದ್ದು ಒಂದು ಸಲ. 2024ರ ಜೂನ್ 19, ಬುಧವಾರ. ಭಾರತ ಮತ್ತು ದಕ್ಷಿಣ ಆಫ್ರಿಕದ ಮಹಿಳೆಯರ ಏಕದಿನ ಪಂದ್ಯ. ಆ ರಾತ್ರಿ ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಳ್ಳುವುದೆಂದು ಮೊದಲೇ ನಿಶ್ಚಯಿಸಿ, ನಾನು ಸಾಂದರ್ಭಿಕ ರಜೆ ಹಾಕಿ, ಹುಡುಗಿಯ ಶಾಲೆಗೆ ಚೀಟಿ ಬರೆದುಕೊಟ್ಟು ಹೊರಟೆವು. ಎಪ್ಪತ್ತು ದಾಟಿದ ಅಪ್ಪನೂ ಬಂದರು. 1999ರ ನಂತರ ಚಿನ್ನಸ್ವಾಮಿಯ ಒಳಗೆ ಅವರು ಕಾಲಿಟ್ಟದ್ದು ಅಂದೇ. ಮೆಟ್ಟಿಲು ಹತ್ತಿ ಗ್ಯಾಲರಿಯ ಬಾಯಿಗೆ ಬಂದಾಗ ಅವರ ಕಾಲೂ ಅರೆಕ್ಷಣ ನಿಂತಿತು. ನನಗೆ ಆ ಅಭ್ಯಾಸ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಈ ಮೈದಾನಕ್ಕೂ ಹೆಂಗಸರ ಕ್ರಿಕೆಟ್ಟಿಗೂ ಹಳೆಯ ನಂಟು. ಗಂಡಸರ ಮೊದಲ ಟೆಸ್ಟ್ ಇಲ್ಲಿ ನಡೆದದ್ದು 1974ರಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಎರಡೇ ವರ್ಷಗಳ ನಂತರ, 1976ರ ಅಕ್ಟೋಬರ್ 31ರಂದು, ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಇದೇ ನೆಲದಲ್ಲಿ ವೆಸ್ಟ್ ಇಂಡೀಸ್ ಮೇಲೆಯೇ ಆಡಿದರು. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಇದನ್ನು ನಾನು ಹುಡುಗಿಗೆ ಹೇಳಿದಾಗ ಅವಳು, “ಮತ್ತೆ ಇದು ನಮಗೆ ಶಾಲೆಯಲ್ಲಿ ಏಕೆ ಗೊತ್ತಾಗಲಿಲ್ಲ?” ಎಂದು ಕೇಳಿದಳು. ಶಾಲೆಯಲ್ಲಿ ಕಲಿಸುವವಳು ನಾನೇ.

ಗ್ಯಾಲರಿ ತುಂಬಿರಲಿಲ್ಲ. ಆದ್ದರಿಂದಲೇ ಎಷ್ಟೊಂದು ಚೆನ್ನಾಗಿತ್ತು. ಅಪ್ಪ ಕಾಲು ಚಾಚಿ ಕುಳಿತರು. ಸ್ಮೃತಿ ಮಂದಾನ 136, ಹರ್ಮನ್‌ಪ್ರೀತ್ ಔಟಾಗದೆ 103; ಭಾರತ 3 ವಿಕೆಟಿಗೆ 325. ಸಂಜೆ ಫ್ಲಡ್‌ಲೈಟ್‌ಗಳು ಬೆಳಗಿದ ಮೇಲೆ ದಕ್ಷಿಣ ಆಫ್ರಿಕದ ಲಾರಾ ವೊಲ್ವಾರ್ಟ್ ಮತ್ತು ಮರಿಝಾನ್ ಕಾಪ್ ಆಟ ಶುರುವಾಯಿತು. ಮಂದಾನ ಚೆಂಡು ಕೈಗೆತ್ತಿಕೊಂಡು ಒಂದು ವಿಕೆಟ್ಟನ್ನೂ ಪಡೆದರು. ಕಾಪ್ 114 ಹೊಡೆದರು. ಒಂದೇ ಪಂದ್ಯದಲ್ಲಿ ನಾಲ್ಕು ಶತಕ. ಹದಿನೆಂಟನೆಯ ಓವರು ಯಾವಾಗಲೋ ಕಳೆದುಹೋಗಿತ್ತು; ನಲವತ್ತೆಂಟನೆಯದೂ ಕಳೆಯಿತು. ಅಪ್ಪ ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿದರು. ಹುಡುಗಿ ಅವರ ಕೈ ಹಿಡಿದು, “ತಾತ, ಇವತ್ತು ಹೊರಡುವಂತಿಲ್ಲ” ಎಂದಳು.

ಕೊನೆಯ ಓವರಿಗೆ 11 ರನ್ನು ಬೇಕಿತ್ತು. ಚೆಂಡು ಪೂಜಾ ವಸ್ತ್ರಾಕರ್ ಕೈಯಲ್ಲಿ. ಎರಡು ವಿಕೆಟ್ ಬಿದ್ದವು. ಪ್ರತಿ ಚೆಂಡಿಗೂ ಆ ಹೂವು ಮುಚ್ಚಿ ಅರಳುತ್ತಿತ್ತು, ಆದರೆ ಈಗ ಪ್ರತಿ ದಳವೂ ಬಿಗಿದುಕೊಂಡಿತ್ತು. ಕೊನೆಯ ಚೆಂಡು ಬ್ಯಾಟನ್ನು ದಾಟಿ ಹೋದಾಗ ಭಾರತ 4 ರನ್ನುಗಳಿಂದ ಗೆದ್ದಿತ್ತು, ಕೊನೆಯವರೆಗೂ ಹೋರಾಡಿದ ವೊಲ್ವಾರ್ಟ್ 135ರಲ್ಲಿ ಔಟಾಗದೆ ಉಳಿದಿದ್ದರು. ಸುತ್ತಲಿನವರೆಲ್ಲ ಕುಣಿಯುತ್ತಿರುವಾಗ ಅಪ್ಪ ಬ್ಯಾಟಿನ ಮೇಲೆ ಒರಗಿ ನಿಂತ ಆ ಹೆಣ್ಣುಮಗಳನ್ನೇ ನೋಡುತ್ತಿದ್ದರು. “ಸೋತವರನ್ನೂ ಕೊನೆಯವರೆಗೆ ನೋಡಬೇಕು” ಎಂದಷ್ಟೇ ಹೇಳಿದರು. ನಾವು ಗ್ಯಾಲರಿ ಖಾಲಿಯಾಗುವವರೆಗೂ ಕುಳಿತಿದ್ದೆವು. ಕೆಲಸದವರು ಹುಲ್ಲಿನ ಮೇಲೆ ಹಗ್ಗ ಸುತ್ತುವುದನ್ನು ನಾನು ಮೊದಲ ಬಾರಿಗೆ ನೋಡಿದೆ.

ಮರುವರ್ಷ ಅದೇ ಗೇಟುಗಳ ಮುಂದೆ ನಡೆದದ್ದನ್ನು ಬರೆಯಲು ಕೈ ಏಳುವುದಿಲ್ಲ, ಬರೆಯದೆ ಇರಲೂ ಆಗುವುದಿಲ್ಲ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಮಧ್ಯರಾತ್ರಿಯವರೆಗೂ ಬೈಕುಗಳ ಸದ್ದು. ಮರುದಿನ ನನ್ನ ತರಗತಿಯಲ್ಲಿ ಇಬ್ಬರು ಹುಡುಗರು ಇರಲಿಲ್ಲ. ಎಲ್ಲಿಗೆ ಹೋಗಿದ್ದಾರೆಂದು ಉಳಿದವರ ಮುಖದಲ್ಲೇ ಬರೆದಿತ್ತು. ಸಂಜೆ ಟಿವಿಯಲ್ಲಿ ಸುದ್ದಿ ಬರತೊಡಗಿತು. ವಿಜಯೋತ್ಸವಕ್ಕೆಂದು ಜನ ಸೇರಿದ್ದ ಚಿನ್ನಸ್ವಾಮಿಯ ಗೇಟುಗಳ ಬಳಿ ನೂಕುನುಗ್ಗಲು. ಒಬ್ಬರು, ನಾಲ್ವರು, ಏಳು ಮಂದಿ. ಕೊನೆಗೆ ಹನ್ನೊಂದು ಸಾವು. ಬಹುತೇಕ ಎಳೆಯರು. ನಾನು ಆ ಇಬ್ಬರ ಮನೆಗಳಿಗೆ ಫೋನ್ ಮಾಡುತ್ತಲೇ ಇದ್ದೆ. ರಾತ್ರಿ ಹತ್ತೂವರೆಗೆ ಅವರು ಬಂದರೆಂದು ತಿಳಿಯಿತು. ಗೇಟಿನ ಹತ್ತಿರಕ್ಕೂ ಹೋಗಲು ಆಗಿರಲಿಲ್ಲವಂತೆ. ಒಬ್ಬನ ಚಪ್ಪಲಿ ಹೋಗಿತ್ತು. ಮರುದಿನ ಅವನು ಅಣ್ಣನ ಚಪ್ಪಲಿ ಹಾಕಿಕೊಂಡು ಬಂದ, ಹಿಂದಿನ ಬೆಂಚಿನಲ್ಲಿ ಕುಳಿತ. ನಾನು ಬೈಯಲಿಲ್ಲ. ಹಾಜರಿ ಕರೆದೆ. ಅವನು “ಇದ್ದೇನೆ ಮೇಡಂ” ಎಂದಾಗ ಪುಸ್ತಕದಲ್ಲಿ ಗುರುತು ಹಾಕಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಯಾರ ತಪ್ಪು ಎಂದು ತೀರ್ಮಾನಿಸುವ ಜಾಗ ಬೇರೆಯಿದೆ. ನನಗೆ ಗೊತ್ತಿರುವುದು ಇಷ್ಟು: ಅಲ್ಲಿಗೆ ಹೋದವರಲ್ಲಿ ಬಹಳ ಜನ ನಮ್ಮಂಥವರು. ದೂರದಿಂದ ರೈಲಿನಲ್ಲಿ ಬಂದವರು, ಯಾವ ಗೇಟು ಎಲ್ಲಿಗೆ ತೆರೆದುಕೊಳ್ಳುತ್ತದೆಂದು ತಿಳಿಯದವರು, ಒಂದು ನೋಟ ಸಿಕ್ಕರೆ ಸಾಕೆಂದುಕೊಂಡವರು.

2024ರ ಡಿಸೆಂಬರ್‌ನಲ್ಲಿ ನಮ್ಮೂರಿನ ಹತ್ತಿರ ಸೋರೆಕುಂಟೆಯಲ್ಲಿ ಕ್ರಿಕೆಟ್ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆಯಾಯಿತು. ಊರೊಳಗಿನ ಮಹಾತ್ಮ ಗಾಂಧಿ ಕ್ರೀಡಾಂಗಣ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸ ರೂಪ ಪಡೆದಾಗಲೇ ನಮಗೆಲ್ಲ ಹೆಮ್ಮೆಯಾಗಿತ್ತು. ಈಗ ದೊಡ್ಡ ಪಂದ್ಯಗಳೇ ನಮ್ಮಲ್ಲಿಗೆ ಬರಬಹುದೆಂಬ ಕನಸು. ಒಂದು ದಿನ ಪಾವಗಡದವರೂ ಮಧುಗಿರಿಯವರೂ ಶಿರಾದವರೂ ಅಲ್ಲಿಗೆ ಬರುತ್ತಾರೆ. ಆಗ ನಾವು ನಗರದವರು, ಅವರು ಹದಿನೆಂಟನೆಯ ಓವರಿಗೆ ಎದ್ದು ಹೊರಡುವವರು. ಅದನ್ನು ಕಟ್ಟುವವರಲ್ಲಿ ನನ್ನ ಕೋರಿಕೆಗಳು ದೊಡ್ಡವಲ್ಲ. ಗೇಟುಗಳು ಅಗಲವಾಗಿರಲಿ, ಸಂಖ್ಯೆಗಳು ದೂರದಿಂದ ಕನ್ನಡದಲ್ಲಿ ಕಾಣಲಿ. ಪ್ರತಿ ಗ್ಯಾಲರಿಯಲ್ಲೂ ಹೆಂಗಸರಿಗೆ ಶೌಚಾಲಯವಿರಲಿ, ಬೀಗ ಬೇಡ. ಕುಡಿಯುವ ನೀರಿರಲಿ. ಪಂದ್ಯ ಮುಗಿದ ಮೇಲೆ ತಾಲ್ಲೂಕು ಕೇಂದ್ರಗಳಿಗೆ ಬಸ್ಸು ನಿಂತಿರಲಿ. ಆ ಬಸ್ಸಿದ್ದರೆ ಜನ ಕೊನೆಯ ಚೆಂಡಿನವರೆಗೆ ಕುಳಿತುಕೊಳ್ಳುತ್ತಾರೆ.

2025ರ ಮಹಿಳೆಯರ ವಿಶ್ವಕಪ್ಪಿನ ಉದ್ಘಾಟನಾ ಪಂದ್ಯ ಬೆಂಗಳೂರಿಗೆ ನಿಗದಿಯಾಗಿತ್ತು. ಹುಡುಗಿ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 30ಕ್ಕೆ ಕೆಂಪು ಸುತ್ತು ಹಾಕಿದ್ದಳು. ಜೂನ್ ತಿಂಗಳ ಆ ದಿನದ ನಂತರ ಬೆಂಗಳೂರಿನ ಪಂದ್ಯಗಳೆಲ್ಲ ಬೇರೆ ಊರುಗಳಿಗೆ ಹೋದವು. ಅವಳು ಸುತ್ತನ್ನು ಅಳಿಸಲಿಲ್ಲ.

ನವೆಂಬರ್ 2ರ ಫೈನಲ್ ನವಿ ಮುಂಬಯಿಯಲ್ಲಿ ನಡೆಯಿತು. ಎದುರಾಳಿ ಮತ್ತೆ ದಕ್ಷಿಣ ಆಫ್ರಿಕ, ಮತ್ತೆ ವೊಲ್ವಾರ್ಟ್ ಶತಕ. ನಾವು ತುಮಕೂರಿನ ಮನೆಯಲ್ಲಿ ಟಿವಿಯ ಮುಂದಿದ್ದೆವು. ಮಳೆಯಿಂದ ತಡವಾಗಿ ಶುರುವಾದ ಪಂದ್ಯ ಮುಗಿಯುವಾಗ ಹೆಚ್ಚೂ ಕಡಿಮೆ ನಡುರಾತ್ರಿ. ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಕೊನೆಯ ಕ್ಯಾಚ್ ಹಿಡಿದರು, ಭಾರತ 52 ರನ್ನುಗಳಿಂದ ಗೆದ್ದಿತು. ಬೀದಿಯಲ್ಲಿ ಪಟಾಕಿ ಸಿಡಿಯಿತು. ಅಣ್ಣ ಬಾಗಿಲು ತೆರೆದು ಹೊರಗೆ ಹೋದ. ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕ್ಯಾಮೆರಾ ಗ್ಯಾಲರಿಯತ್ತ ತಿರುಗಿ, ನೀಲಿ ಅಂಗಿಗಳ ಆ ಸಮುದ್ರವನ್ನು ತೋರಿಸಿತು.

ಹುಡುಗಿ ಕುಣಿದು ಕುಣಿದು ಸುಸ್ತಾಗಿ ಪರದೆಯ ಹತ್ತಿರ ಹೋಗಿ ನಿಂತಳು.

“ಇಷ್ಟೊಂದು ಜನ ಈಗ ಹೇಗೆ ಮನೆಗೆ ಹೋಗುತ್ತಾರೆ, ತಾತ?”

“ಮುಂಬಯಿಯಲ್ಲವೇ ಮಗು,” ಎಂದರು ಅಪ್ಪ. “ರೈಲು ಇರುತ್ತದೆ.”

ಅವಳು ಟಿವಿ ಆರಿಸಲು ಬಿಡಲಿಲ್ಲ. ಗ್ಯಾಲರಿ ಖಾಲಿಯಾಗುವುದನ್ನು ತೋರಿಸುತ್ತಾರೇನೋ ಎಂದು ಬಹಳ ಹೊತ್ತು ನೋಡುತ್ತ ನಿಂತಿದ್ದಳು.